ಲಾಲ್ ಅಹ್ಮದ್ ಮಾಸ್ತರರ ಒಂಬತ್ತನೆಯ ಕಾಗದ

ಮಾನ್ಯರೇ, ಮಾನ್ಯರ ಕೈಕೆಳಗಿನ ಮಾನ್ಯರೇ, ಅವರಿಗೆ ಕರಡು ಬರೆದುಕೊಡುವ ಗುಮಾಸ್ತರೇ, ಆ ಕರಡನ್ನು ಟೈಪು ಮಾಡುವ ಮಹನೀಯರೇ, ಮತ್ತು ಈ ಎಲ್ಲರ ಮೇಜಿನ ಮೇಲೆ ನಾಲ್ಕು ವರ್ಷಗಳಿಂದ ಸುಖನಿದ್ರೆಯಲ್ಲಿರುವ ಕಡತ ಮಹಾಶಯರೇ,

ಕಮಲಾಪುರದ ಶಾಲೆಯಲ್ಲಿ ಮಾಸ್ತರರಾಗಿದ್ದ ಲಾಲ್ ಅಹ್ಮದರ ಪ್ರಕರಣವನ್ನು ತಾವು ಹೋದ ವಾರ ಮುಚ್ಚಿಬಿಟ್ಟಿರಿ. ಮಾರ್ಚ್ ಹದಿನಾಲ್ಕರ ವಿಚಾರಣೆಗೆ ಅವರು ಹಾಜರಾಗಲಿಲ್ಲ ಎಂಬುದು ತಾವು ಕೊಟ್ಟ ಒಂದೇ ಕಾರಣ. ಹಾಜರಾಗಲಿಲ್ಲ, ನಿಜ. ಆದರೆ ಅವರನ್ನು ಆ ದಿನ ತಮ್ಮ ಕಚೇರಿಗೆ ಬಾರದಂತೆ ತಡೆದದ್ದು ಜ್ವರವಲ್ಲ, ಜಂಬವಲ್ಲ. ತಮ್ಮ ಕಚೇರಿಯ ಇಂಗ್ಲಿಷು. ನನ್ನ ದೂರು ಆ ಇಂಗ್ಲಿಷಿನ ಮೇಲೆ.

ಮಾಸ್ತರರು ಹದಿನಾಲ್ಕು ವರ್ಷ ಕಮಲಾಪುರದಲ್ಲಿ ಉರ್ದು ಮತ್ತು ಲೆಕ್ಕ ಕಲಿಸಿದವರು. ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯಾದ ಮೂರು ತಿಂಗಳಿಗೆ ಅವರ ಮೇಲೆ ಹೆಸರಿಲ್ಲದ ಒಂದು ಅರ್ಜಿ ಬಂತು, ರಜಾಕಾರರ ಮನುಷ್ಯನೆಂದು. ವಿಚಾರಣೆ ಮುಗಿಯುವತನಕ ತಾವು ಅವರನ್ನು ಮನೆಯಲ್ಲಿ ಕೂರಿಸಿದಿರಿ. ರಜಾಕಾರರ ಹಾವಳಿಯಲ್ಲಿ ಇದೇ ಮನುಷ್ಯ ಮಹಾಗಾಂವದ ಗುಂಡಣ್ಣನ ಮನೆಮಂದಿಯನ್ನೆಲ್ಲ ಶಾಲೆಯ ಕೋಣೆಯಲ್ಲಿ ಬಚ್ಚಿಟ್ಟು, ಹೊರಗಿನಿಂದ ಬೀಗ ಜಡಿದು, ಮೂರು ದಿನ ಬಾಗಿಲ ಮುಂದೆ ಕೂತು ಮಕ್ಕಳ ಪಾಟಿ ತಿದ್ದಿದವರು. ಗುಂಡಣ್ಣ ಅದನ್ನು ಯಾವ ಸಾಹೇಬರ ಮುಂದೆ ಬೇಕಾದರೂ ಹೇಳಲು ತಯಾರಿದ್ದ. ಅವನಿಗೆ ಬೇಕಾಗಿದ್ದದ್ದು ಒಂದು ತಾರೀಖು. ಅಷ್ಟೇ. ಅದಕ್ಕಾಗಿ ನಾಲ್ಕು ವರ್ಷ ಕಾದ. ಮಾಸ್ತರರು ಈಗ ಕಲಬುರಗಿಯ ಗಾಜಿಪುರದಲ್ಲಿ ಬಾಡಿಗೆ ಮನೆ ಹಿಡಿದು, ಅಡತಿ ಅಂಗಡಿಯೊಂದರಲ್ಲಿ ತೊಗರಿ ಚೀಲದ ಬಾಯಿಗೆ ಹೊಲಿಗೆ ಹಾಕುತ್ತಾರೆ.

ಈ ನಾಲ್ಕು ವರ್ಷಗಳಲ್ಲಿ ತಾವು ಅವರಿಗೆ ಬರೆದ ಕಾಗದಗಳು ಮೊದಲು ಎಂಟು. ಎಂಟನ್ನೂ ನಾನು ಬಲ್ಲೆ. ‘ವಿತ್ ರೆಫರೆನ್ಸ್ ಟು’ ಎಂದು ಶುರುವಾಗುತ್ತವೆ. ಹೋದ ತಿಂಗಳನ್ನು ಹೋದ ತಿಂಗಳು ಎನ್ನದೆ ‘ಅಲ್ಟಿಮೋ’ ಎನ್ನುತ್ತವೆ. ಲಂಡನ್ನಿನಲ್ಲಿ ಹುಟ್ಟಿದವರೂ ಈಗ ಹಾಗೆ ಬರೆಯುತ್ತಾರೋ ಇಲ್ಲವೋ, ದೇವರೇ ಬಲ್ಲ. ನಡುವೆ ‘ಅಫೋರ್‌ಸೆಡ್’, ‘ಹಿಯರ್‌ವಿತ್’, ‘ದೇರ್‌ಆಫ್’ ಎಂಬ ಮೂವರು ದ್ವಾರಪಾಲಕರು. ಆಮೇಲೆ ತಮ್ಮ ಮುದ್ದಿನ ‘ಅಂಡರ್ ಆಕ್ಟಿವ್ ಕನ್ಸಿಡರೇಶನ್’. ನಾಲ್ಕು ವರ್ಷ ಅಲುಗಾಡದ ಕಡತಕ್ಕೆ ಈ ಚುರುಕಿನ ಬಿರುದೇಕೆ ಎಂದು ಕೇಳಬಹುದೇ? ಕೊನೆಗೆ, ‘ಸರ್, ತಮ್ಮ ಅತ್ಯಂತ ವಿಧೇಯ ಸೇವಕನಾಗಿರುವ ಗೌರವ ನನ್ನದು’ ಎಂದು ಬರೆದು ತಮ್ಮ ಸಹಿ. ಆದಿಯಲ್ಲಿ ಆದರ, ಅಂತ್ಯದಲ್ಲಿ ಸಾದರ, ನಡುವೆ ಮೈತುಂಬ ಹೊದ್ದ ಚಾದರ! ಚಾದರದೊಳಗೆ ಮನುಷ್ಯನಿದ್ದಾನೋ ಇಲ್ಲವೋ ಎತ್ತಿ ನೋಡಿದವರಿಲ್ಲ. ಎಂಟನೆಯ ಕಾಗದ ಓದಿದ ದಿನ ಸಂತೆಗೆ ಬಂದಿದ್ದ ಗುಂಡಣ್ಣ ನಮ್ಮ ಓಣಿಯ ಕಟ್ಟೆಯ ಮೇಲೆ ಕೂತಿದ್ದ. ಸಾಹೇಬರ ಸಹಿಯ ಮೇಲಿನ ಮಾತಿನ ಅರ್ಥ ತಿಳಿದು, “ಅಷ್ಟ ವಿಧೇಯ ಸೇವಕ ಇದ್ದಾನಂದ್ರ ಮಾಸ್ತರಿಗೆ ಒಂದ ತಂಬಗಿ ನೀರರ ತಂದ ಕೊಡಾಕ ಹೇಳ್ರಿ” ಎಂದ.

ಇದು ಹೊಸ ರೋಗವೆಂದು ನಾನು ಹೇಳುತ್ತಿಲ್ಲ. ನಿಜಾಮರ ಕಾಲದಲ್ಲಿ ಇದೇ ಮೇಜುಗಳ ಮೇಲೆ ಫಾರ್ಸಿ ಬೆರೆತ ಉರ್ದು ಹೀಗೆಯೇ ನೆಲಕ್ಕೆ ಹಣೆ ಹಚ್ಚಿ, ಕೆಲಸ ಮಾತ್ರ ಮಾಡದೆ ಎದ್ದು ಹೋಗುತ್ತಿತ್ತು. ಕಾರ್ಯಾಚರಣೆಯಾದ ಮೇಲೆ, ಇನ್ನಾದರೂ ನಮ್ಮ ಕಾಗದ ನಮ್ಮ ಭಾಷೆಯಲ್ಲಿ ಬಂದೀತೆಂದು ಕನ್ನಡ ಶಾಲೆಯಲ್ಲಿ ಕಲಿತ ನನ್ನಂಥವರು ಕನಸು ಕಂಡೆವು. ಫಾರ್ಸಿ ಹೋಯಿತು, ಕುರ್ಸಿ ಉಳಿಯಿತು. ಬ್ರಿಟಿಷರು ಬಿಟ್ಟುಹೋದ ಹಳೆಯ ಕೋಟು ಕುರ್ಸಿಯ ಬೆನ್ನಿಗೆ ನೇತುಬಿತ್ತು.

ನಮ್ಮ ಓಣಿಯಲ್ಲಿ ಒಂದು ಪದ್ಧತಿಯಿದೆ. ಸರಕಾರಿ ಕಾಗದ ಬಂದರೆ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಬೇಕು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಇದಕ್ಕೆ ಓಣಿಯಲ್ಲಿ ಒಬ್ಬ ಇಂಗ್ಲಿಷ್ ಬಲ್ಲವನಿದ್ದಾನೆ. ಕೂಲಿ ಇಲ್ಲ, ಚಹಾ ಉಂಟು. ಚಹಾಕ್ಕಿಂತ ಸಿಹಿಯಾಗಿ, ನಾಲ್ಕು ಜನರೆದುರು ‘ಅಲ್ಟಿಮೋ’ ಎನ್ನುವ ಸುಖವುಂಟು. ಎಂಟು ಕಾಗದ ಓದಿದ ಮೇಲೆ ಅವನೊಂದು ಸುಲಭದ ದಾರಿ ಕಂಡುಕೊಂಡ. ಮೊದಲ ಸಾಲು ಓದುವುದು, ಕೊನೆಯ ಸಾಲು ಓದುವುದು, ನಡುವಿನದನ್ನು ನೆನಪಿನಿಂದ ಹೇಳುವುದು. ಎಂಟೂ ಒಂದೇ ಅಚ್ಚಿನವು ಅಂದ ಮೇಲೆ ಒಂಬತ್ತನೆಯದಕ್ಕೆ ಕಣ್ಣು ಯಾಕೆ ನೋಯಿಸಬೇಕು?

ಒಂಬತ್ತನೆಯದು ಫೆಬ್ರವರಿಯ ಕೊನೆಗೆ ಬಂತು. ಮಾಸ್ತರರು ಅಡತಿಯಲ್ಲಿದ್ದರು; ಅವರ ಹೆಂಡತಿ ಹಲೀಮಾಬಿ ತಂದುಕೊಟ್ಟರು. ಇಂಗ್ಲಿಷ್ ಬಲ್ಲವ ತನ್ನ ಪದ್ಧತಿಯಂತೆ ಓದಿ ಮಡಿಚಿದ. ಆಕೆ ಕೈಚಾಚಲಿಲ್ಲ.

“ಪೂರಾ ಓದ್ರಿ ಅಣ್ಣಾವರ. ಈ ಸಲ ಎರಡ ಹಾಳಿ ಅವ.”

“ಹಾಳಿ ಹೆಚ್ಚಾದ್ರ ಸುದ್ದಿ ಹೆಚ್ಚಾಗೂದಿಲ್ಲ, ಹಲೀಮಾಬಿ. ವಿಚಾರ ಮಾಡಾಕತ್ತೀವಿ ಅಂತ ಬರದಾರ. ಅದ ಹಳೇ ಪಾಠ.”

ಎರಡನೆಯ ಹಾಳೆಯ ನಡುವೆ, ಎರಡು ‘ಅಫೋರ್‌ಸೆಡ್’ಗಳ ಸಂದಿಯಲ್ಲಿ, ಮಾರ್ಚ್ ಹದಿನಾಲ್ಕು, ಬೆಳಗಿನ ಹನ್ನೊಂದು ಗಂಟೆ, ಇಬ್ಬರು ಸಾಕ್ಷಿಗಳೊಡನೆ ಬರತಕ್ಕದ್ದು ಎಂದು ಇತ್ತು. ಆ ಹದಿನಾಲ್ಕರಂದು ಮಾಸ್ತರರು ಎಂದಿನಂತೆ ಚೀಲ ಹೊಲಿದರು. ಗುಂಡಣ್ಣ ಮಹಾಗಾಂವದಲ್ಲಿ ಜೋಳ ರಾಶಿ ಮಾಡಿದ.

ಆಮೇಲೆ ತಮ್ಮ ಹತ್ತನೆಯ ಕಾಗದ. ಏನು ಚಂದ ಬರೆದಿದ್ದೀರಿ! ನಾಲ್ಕೇ ಸಾಲು. ಕರೆದೆವು, ಬರಲಿಲ್ಲ, ಮುಚ್ಚಿದೆವು, ಇನ್ನು ಬರೆಯಬೇಡಿ. ಒಂದು ಅಲ್ಟಿಮೋ ಇಲ್ಲ. ವಿಧೇಯ ಸೇವಕನೂ ಇಲ್ಲ. ಮಾನ್ಯರೇ, ತಮಗೆ ಸರಳ ಇಂಗ್ಲಿಷು ಬರುತ್ತದೆ ಎಂದಾಯಿತು. ಬಾಗಿಲು ಹಾಕುವಾಗ ಇಷ್ಟು ಸ್ಪಷ್ಟವಾಗಿ ಕೇಳಿಸುವ ತಮ್ಮ ದನಿ, ಒಳಗೆ ಕರೆಯುವಾಗ ಯಾಕೆ ಗಂಟಲಲ್ಲೇ ಗೊರಗೊರ ಎನ್ನುತ್ತದೆ? ಕರೆದದ್ದು ಕೇಳಿಸದಿರಲೆಂದೇ ಕರೆಯುತ್ತೀರಾ?

ಆ ಕಾಗದವನ್ನು ಓಣಿಯವ ಪೂರ್ತಿ ಓದಿದ. ಚೀಲ ಹೊಲಿಯುವ ದಬ್ಬಣ ಇನ್ನೂ ಅಂಗಿಯ ಜೇಬಿನಲ್ಲಿದ್ದ ಮಾಸ್ತರರು ಒಂದೇ ಮಾತು ಕೇಳಿದರು.

“ಯಾವಾಗ ಕರದಿದ್ರು ನನ್ನ?”

ಇಂಗ್ಲಿಷ್ ಬಲ್ಲವನಿಗೆ ಕನ್ನಡವೂ ಬಾರದಾಯಿತು. ಹಳೆಯ ಕಾಗದ ಕೊಡ್ರಿ, ನೋಡಿ ಹೇಳತೇನಿ ಎಂದು ಒಂಬತ್ತನೆಯದನ್ನು ಇಸಿದುಕೊಂಡು ಮನೆಗೆ ಹೋದ.

ಆದ್ದರಿಂದ ನಾನು ಬೇಡುವುದಿಲ್ಲ, ಕೇಳುತ್ತೇನೆ. ಮುಚ್ಚಿದ ಪ್ರಕರಣವನ್ನು ತೆರೆಯಿರಿ. ಹೊಸ ತಾರೀಖು ಕೊಡಿ. ಅದನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಮಾಸ್ತರರು ತಾವೇ ಓದಿಕೊಳ್ಳುವಂತೆ, ಕಾಗದದ ಮೊದಲನೆಯ ಸಾಲಿನಲ್ಲಿ ಬರೆಯಿರಿ. ಗೌರವವನ್ನು ಬೇಕಾದರೆ ತಾವೇ ಇಟ್ಟುಕೊಳ್ಳಿ. ಬಾರದೆ ಹೋದದ್ದು ಅವರ ತಪ್ಪಲ್ಲವೆಂಬುದಕ್ಕೆ ನಾನು ಸಾಕ್ಷಿ.

ಸಾಕ್ಷಿ ಎಂದೆ. ಸುಳ್ಳು. ಎರಡನೆಯ ಹಾಳೆ ಮಗುಚದೆ ಮಡಿಚಿದವನು ನಾನು. ಆ ಕಾಗದ ನಾಲ್ಕು ದಿನದಿಂದ ನನ್ನ ಹತ್ತಿರವೇ ಇದೆ. ಹಲೀಮಾಬಿ ಎರಡು ಸಲ ಬಂದು ಕೇಳಿ ಹೋದರು, ಇನ್ನೂ ನೋಡಿಲ್ಲ ಎಂದೆ. ಈ ಪತ್ರದ ಒಂದು ನಕಲು ಅವರ ಮನೆಗೂ ಹೋಗುತ್ತದೆ; ಮಾಸ್ತರರಿಗೆ ಕನ್ನಡ ಓದಲು ಯಾರ ನೆರವೂ ಬೇಡ. ಎದುರು ನಿಂತು ಹೇಳುವ ಧೈರ್ಯವಿದ್ದಿದ್ದರೆ, ಮಾನ್ಯರೇ, ನಾನು ತಮಗೆ ಈ ಪತ್ರ ಬರೆಯುತ್ತಿರಲಿಲ್ಲ.

ಇಂತಿ,
ತಮಗೆ ಅವಿಧೇಯ, ಅವರಿಗೆ ಅಪರಾಧಿ,
ಮುಕುಂದ, ಬಿ.ಎ.
ಗಾಜಿಪುರ, ಕಲಬುರಗಿ
ಏಪ್ರಿಲ್ ೧೯೫೩