ಮಷೀನಿಗೆ ಮಡಿನೀರು

೨೨ ಜೂನ್ ೧೯೫೮, ರವಿವಾರ. ಬಾಗಲಕೋಟೆ

“ಹರಿವ ನೀರಿಗೆ ನೆನಪಿಲ್ಲ...” ಹೀಗೇ ಏನೋ ಒಂದು ಸಾಲು. ನೆನಪಿಲ್ಲ ಎಂದಿತ್ತೋ, ನಿದ್ದೆಯಿಲ್ಲ ಎಂದಿತ್ತೋ. ಧಾರವಾಡದ ಕಾಲೇಜು ದಿನಗಳಲ್ಲಿ ಯಾವುದೋ ಮಾಸಪತ್ರಿಕೆಯಲ್ಲಿ ಕಂಡದ್ದು. ಇಂದು ಬಾವಿಯಿಂದ ಹದಿನಾಲ್ಕನೆಯ ಕೊಡ ಸೇದುವಾಗ ನಾಲಿಗೆಗೆ ಬಂತು. ನಿಜವೇ ಅದು? ಬರೆದವರು ನೀರು ಸೇದಿರಲಿಕ್ಕಿಲ್ಲ. ನನ್ನ ಭುಜಕ್ಕಂತೂ ಒಂದೊಂದು ಕೊಡವೂ ನೆನಪಿದೆ.

ಒಂಬತ್ತು ವರ್ಷದಿಂದ ಹೀಗೆ. ಅತ್ತೆಯ ಬೆರಳಿನ ಗಂಟುಗಳು ಸೆಟೆದುಕೊಂಡ ಮೇಲೆ ಅವರ ಮಡಿಬಟ್ಟೆ ನನ್ನ ಪಾಲಿಗೆ. ಐದಕ್ಕೆ ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ನಿಲ್ಲಬೇಕು. ಅವರ ಎರಡು ಕೆಂಪು ಸೀರೆ, ದೇವರ ವಸ್ತ್ರ, ಇವರ ಪೂಜೆಯ ಧೋತರ—ಒಗೆದು, ಹಿಂಡಿ, ಯಾರ ಕೈಗೂ ನಿಲುಕದ ಎತ್ತರದ ಗಳದ ಮೇಲೆ ಕೋಲಿನಿಂದ ಹರವಬೇಕು. ಮುಗಿಯುವುದು ಏಳಕ್ಕೆ. ಆಮೇಲೆ ಅಡಿಗೆ. ಹನ್ನೊಂದಕ್ಕೆ ಹೆಣ್ಣುಮಕ್ಕಳ ಹೈಸ್ಕೂಲು, ಕನ್ನಡ ಪಾಠ. ನಲವತ್ತೇಳು ತುಂಬಿತು. ಹೋದ ವರ್ಷ ತರಿಸಿದ ಕವನಸಂಗ್ರಹದ ಕೂಡಿಕೊಂಡ ಹಾಳೆಗಳನ್ನು ಇನ್ನೂ ಕತ್ತರಿಸಿ ಬಿಡಿಸಿಲ್ಲ.

ತಮ್ಮ ಅನಂತನ ಕಾಗದ. ಮುಂಬಯಿ ಬಂದರಿನಲ್ಲಿ ಗುಮಾಸ್ತ. “ಅಕ್ಕಾ, ನಿನಗೊಂದು ಭಾರೀ ಸಾಮಾನು ರೈಲಿಗೆ ಹಾಕೀನಿ. ಏನಂತ ಹೇಳೂದಿಲ್ಲ.”

೬ ಜುಲೈ, ರವಿವಾರ

ಬಂತು. ನಾಲ್ಕು ಹಮಾಲರು ಹೊತ್ತು ತಂದರು. ಬಟ್ಟೆ ಒಗೆಯುವ ಮಷೀನು! ಬಿಳಿ ಬಣ್ಣದ ದೊಡ್ಡ ಪಾತ್ರೆ, ನಾಲ್ಕು ಕಾಲು. ಮೇಲಿನ ಮುಚ್ಚಳ ತೆಗೆದು ಬಟ್ಟೆ, ನೀರು, ಸಾಬೂನು ಹಾಕುವುದು. ಕೆಳಗೆ ಮೋಟಾರು. ಪಕ್ಕದಲ್ಲಿ ಎರಡು ರಬ್ಬರಿನ ಉರುಳೆ—ಹಿಡಿ ತಿರುಗಿಸಿದರೆ ಬಟ್ಟೆ ಹಿಂಡಿಕೊಂಡು ಹೊರಬರುತ್ತದೆ. ದೇಶ ಬಿಟ್ಟು ಹೋದ ಯಾವನೋ ಸಾಹೇಬನದಂತೆ, ಪ್ಯಾಕಿನ ಪೆಟ್ಟಿಗೆ ಕೂಡ ಬಿಚ್ಚಿರಲಿಲ್ಲ.

ವೈರಿಂಗಿನ ಮುರ್ತುಜಸಾಬರು ಬಂದು ಹಿತ್ತಲ ಬಚ್ಚಲಿನಲ್ಲಿ ಕೂರಿಸಿ, ಸ್ವಿಚ್ಚು ಹಾಕಿಕೊಟ್ಟರು.

ಅತ್ತೆ ದೂರ ನಿಂತು ನೋಡಿದರು. ನಾನು ಜಗಳಕ್ಕೆ ಸಿದ್ಧಳಾಗಿಯೇ ಇದ್ದೆ.

“ಇದರಾಗ ಯಾರೂ ಕೈ ಹಾಕೂದಿಲ್ಲೇನು?”

“ಇಲ್ರಿ ಅತ್ಯಾ. ಮೋಟಾರು ತಿರುಗತದ, ಅಷ್ಟ.”

ಅತ್ತೆ ತಲೆಯಾಡಿಸಿದರು. “ಮೋಟಾರು ತಿಂಗಳಿಗೊಮ್ಮೆ ಹೊರಗ ಕೂಡೂದಿಲ್ಲ. ಸಾಲಿಗೆ ಹೋಗಿ ಕಂಡಕಂಡವರ್ನ ಮುಟ್ಟಿ ಬರೂದಿಲ್ಲ. ನಿನಕಿಂತ ಛಲೋ ಆತಲ್ಲ!”

ನಕ್ಕುಬಿಟ್ಟೆ. ಅವರೂ ನಕ್ಕರು. ಆಮೇಲೆ ರೈಲಿನ ಮೈಲಿಗೆ ಹೋಗಲೆಂದು ನನ್ನ ಕೈಲಿ ಮೂರು ಕೊಡ ನೀರು ಸೇದಿಸಿ ಅದರ ತಲೆಯ ಮೇಲಿಂದ ಸುರಿದರು. ಬುಡದ ತನಕ.

೧೯ ಜುಲೈ, ಶನಿವಾರ. ಬೆಳಗಿನ ಆರು

ಈ ಹೊತ್ತಿನಲ್ಲಿ ಪೆನ್ನು ಹಿಡಿದು ಕೂತಿದ್ದೇನೆ! ಮಷೀನು ಪೂರ್ತಿ ಅತ್ತೆಯದಾಗಿದೆ. ಅದಕ್ಕೆ ಬೇಕಾದ ನಾಲ್ಕೈದು ಕೊಡ ನೀರನ್ನು ಇವರೇ ಮಡಿಯಲ್ಲಿ ಸೇದಿಡುತ್ತಾರೆ. ಅತ್ತೆ ಮಡಿಯಲ್ಲಿರುವಾಗ ನಾನು ಬಚ್ಚಲ ಹತ್ತಿರ ಹೋಗುವಂತಿಲ್ಲ. ಒದ್ದೆ ಸೀರೆ, ಬರಿಗಾಲು, ಬೋಳುತಲೆಯ ಮೇಲೆ ಸೆರಗು. ಸ್ವಿಚ್ಚು ಮುರ್ತುಜಸಾಬರು ಮುಟ್ಟಿದ್ದು ಎಂದು ಕೋಲಿನ ತುದಿಯಿಂದ ಒತ್ತುತ್ತಾರೆ. ಶುರುಮಾಡುವ ಮೊದಲು ದಿನಾ ಒಂದು ಕೊಡ ನೀರು, ಮಷೀನಿನ ಸ್ನಾನಕ್ಕೆ.

ನಾನು ಪಡಸಾಲೆಯಲ್ಲಿ. ಹಾಳೆ ಬಿಡಿಸಿ ಹನ್ನೊಂದು ಕವಿತೆ ಓದಿದೆ. ಒಂದು ತಾಸು—ಪೂರಾ ನನ್ನದು. ಮದುವೆಯಾದ ಮೇಲೆ ಇದೇ ಮೊದಲು.

ಪಕ್ಕದ ಮನೆಯ ಶಿವಲಿಂಗವ್ವ ಗೋಡೆಯಾಚೆಯಿಂದ, “ಅಕ್ಕಾರ, ಗಿರಣಿ ಹಾಕೀರೇನ್ರಿ? ನಮ್ಮ ಜ್ವಾಳಾನೂ ಬೀಸಿ ಕೊಡ್ರಿ ಮತ್ತ!”

ಸದ್ದು ಹಾಗೇ ಇದೆ. ದೂರದಿಂದ ಕೇಳಿದರೆ ಯಾರೋ ಹಲ್ಲು ಕಚ್ಚಿಕೊಂಡು ಜಪ ಮಾಡಿದಂತೆ.

೨೭ ಜುಲೈ

ಅತ್ತೆ ಊಟಕ್ಕೆ ಕೂತಾಗ ಬೆರಳು ಬಿಡಿಸಿ ತೋರಿಸಿದರು. “ನೋಡಿಲ್ಲೆ, ಎಷ್ಟ ಸಡ್ಲ ಆಗ್ಯಾವ. ಆ ಡಬ್ಬಿ ಮುಟ್ಟಿದ್ರ ಝುಂ ಅಂತದ. ಮಣಿಕಟ್ಟಿನ ತನಾ ಏರತದ. ವೈದ್ಯರ ಎಣ್ಣಿಗೆ ಹೋಗಲಾರದ್ದು ಇದಕ್ಕ ಹೋತು.”

ಅದು ಕರೆಂಟು. ಊಟ ಬಿಟ್ಟೆದ್ದು ಮುರ್ತುಜಸಾಬರಿಗೆ ಹೇಳಿಕಳಿಸಿದೆ.

೩೦ ಜುಲೈ

ಮುರ್ತುಜಸಾಬರು ಬಂದು ನೋಡಿದರು. ಮಷೀನಿನ ಮೈಗೆ ಟೆಸ್ಟರು ಹಚ್ಚಿದೊಡನೆ ಅದರ ದೀಪ ಹತ್ತಿತು. ಮಷೀನನ್ನು ಮಗ್ಗುಲಿಗೆ ಕೆಡವಿದರೆ ಮೋಟಾರಿನಿಂದ ನೀರು ತೊಟ್ಟಿಕ್ಕಿತು.

“ಬಾಯಾರ, ಮೋಟಾರಿಗೆ ದಿನಾ ಎರೀತೀರೇನ್ರಿ? ಬಾಣಂತಿ ಐತೇನ ಇದು?”

ಹೇಳಿದೆ. ಅವರು ನಗಲಿಲ್ಲ. ಶೇಗಡಿಯಲ್ಲಿ ಕೆಂಡ ಹಾಕಿಸಿ ಸಂಜೆಯ ತನಕ ಒಣಗಿಸಿದರು. ನೀರು ತಾಗಿಸಕೂಡದು, ಮೊದಲು ಅರ್ಥಿಂಗ್ ಹಾಕಿಸಿ ಎಂದರು: ಹಿತ್ತಲಿನಲ್ಲಿ ಆಳುದ್ದ ಕುಣಿ ತೋಡಿ, ತಾಮ್ರದ ತಗಡು ಹುಗಿದು, ಅಲ್ಲಿಂದ ಮಷೀನಿಗೆ ತಂತಿ ಎಳೆಯಬೇಕು. ಸೋರಿದ ಕರೆಂಟು ನೆಲಕ್ಕೆ ಹೋಗುತ್ತದೆ. “ಇಲ್ಲಾಂದ್ರ ಅದು ಮನಷ್ಯಾನ ಮೈಯಾಗಿಂದ ಹೊಕ್ಕೈತ್ರಿ.”

ಅವರು ಹೋದ ಮೇಲೆ ಅತ್ತೆ ಐದು ಕೊಡ ಸುರಿದರು. ಕೆಳಗಿನ ಮೋಟಾರಿನ ತನಕ, ಒಳಗೆಲ್ಲ.

“ಅತ್ಯಾ! ಅದನ್ನ ಒಣಗಿಸಲಿಕ್ಕೆ ಇಡೀ ದಿನಾ ಹಿಡೀತು!”

“ಸಾಬಣ್ಣ ಒಳಗ ಕೈಹಾಕಿ ಬಿಚ್ಚ್ಯಾನ. ನೀರ ಹಾಕದ ಹ್ಯಾಂಗ ದೇವರ ವಸ್ತ್ರ ಹಾಕ್ಲಿ, ನೀನ ಹೇಳು.”

ರಿಪೇರಿ ಮಾಡಿಸಿದಷ್ಟೂ ನೀರು ಹೆಚ್ಚು.

೩ ಆಗಸ್ಟ್

ಇವರಿಗೆ ಹೇಳಿದೆ. ವಕೀಲರು, ಎರಡೂ ಕಡೆಯ ವಾದ ಕೇಳಿದರು. ಕುಣಿ ಎಲ್ಲಿ? ಬಚ್ಚಲಿನ ಬದಿಗೇ ಆಗಬೇಕು. ಅಲ್ಲಿಂದ ನಾಲ್ಕು ಮೊಳಕ್ಕೆ ತುಳಸಿಕಟ್ಟೆ. “ತುಳಸಿ ಬುಡಕ್ಕ ಹಾರಿ ಹಾಕ್ತೀರೇನು?” ಎಂದು ಅತ್ತೆ ಎದ್ದು ಹೋದರು. ಇವರು ಫೈಲು ಕಟ್ಟಿಕೊಂಡು ಬಾದಾಮಿಯ ಕೋರ್ಟಿಗೆ ಹೊರಟರು.

೨೪ ಆಗಸ್ಟ್, ರವಿವಾರ

ಮಧ್ಯಾಹ್ನ ಬಚ್ಚಲು ಗುಡಿಸುವಾಗ ಮುಚ್ಚಳಕ್ಕೆ ಕೈ ತಾಗಿತು. ಅತ್ತೆ ಮಷೀನಿನ ಗುಂಡಿ ಮಾತ್ರ ತಿರುಗಿಸಿದ್ದರು, ಗೋಡೆಯ ಸ್ವಿಚ್ಚು ಆರಿಸಿಯೇ ಇರಲಿಲ್ಲ. ಮೊಣಕೈ ತನಕ ಯಾರೋ ಜಗ್ಗಿದಂತೆ. ಗೋಡೆಗೆ ಹೋಗಿ ಬಿದ್ದೆ. ಚಪ್ಪಲಿ ಇತ್ತು ಕಾಲಲ್ಲಿ. ಅತ್ತೆಗೆ ಅದೂ ಇರುವುದಿಲ್ಲ.

ಮುರ್ತುಜಸಾಬರು ತೋರಿಸಿಕೊಟ್ಟಿದ್ದರು—ಬೋರ್ಡಿನಲ್ಲಿ ಬಚ್ಚಲಿನದು ಎಡಗಡೆಯ ಫ್ಯೂಜು. ಕಿತ್ತು ತಂದು ಪುಸ್ತಕಗಳ ಹಿಂದೆ ಇಟ್ಟೆ. ಮಷೀನು ಕೆಟ್ಟಿದೆ ಎಂದು ಹೇಳಿದೆ.

೨೮ ಆಗಸ್ಟ್, ಗುರುವಾರ

ನಾಲ್ಕು ದಿನ ಬಾವಿ. ಭುಜ ಮೇಲೇಳುತ್ತಿಲ್ಲ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯಲಾಗದೆ ಕೂತೇ ಪಾಠ ಮಾಡಿದೆ. ಅತ್ತೆಯ ಬೆರಳು ಮತ್ತೆ ಸೆಟೆದಿವೆಯಂತೆ. “ನಿಮ್ಮ ತಮ್ಮಗ ಬರೀ, ಆ ಮಷೀನು ರಿಪೇರಿ ಮಾಡ್ಸು ಅಂತ. ನೀ ಹಿಂಡಿದ ಸೀರಿ ಸಂಜಿ ಆದ್ರೂ ಒಣಗವಲ್ತು.”

ಇಂದು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಫ್ಯೂಜನ್ನು ತಿರುಗಿ ಹಾಕಿದೆ.

ಯಾರೂ ಒತ್ತಾಯ ಮಾಡಲಿಲ್ಲ. ಅತ್ತೆಗೆ ಫ್ಯೂಜು ಎಂದರೇನೆಂದೇ ಗೊತ್ತಿಲ್ಲ. ಇನ್ನು ಮೇಲೆ ಒಂದೇ ಚೊಂಬು ನೀರು ಎಂದು ಮಾತು ತೆಗೆದುಕೊಂಡಿದ್ದೇನೆ. ಎಷ್ಟೋ ದಿನದಿಂದ ನಡೆದಿದೆ, ಏನೂ ಆಗಿಲ್ಲವಲ್ಲ... ಇದನ್ನು ಬರೆಯುತ್ತಿರುವುದು ಬೆಳಗಿನ ಆರಕ್ಕೆ. ಹಿತ್ತಲಿನಲ್ಲಿ ಸದ್ದು ಶುರುವಾಗಿದೆ.

೨೮ ಸೆಪ್ಟೆಂಬರ್, ರವಿವಾರ

ಒಂದು ತಿಂಗಳು ಬರೆದಿಲ್ಲ. ಓದುತ್ತಿದ್ದೆ. ಎರಡು ಸಂಗ್ರಹ ಮುಗಿದವು. ಒಂದೊಂದು ದಿನ ಬರೀ ಕೂತಿರುತ್ತೇನೆ, ಸದ್ದು ಕೇಳುತ್ತಾ. ನಿಂತರೆ ಓದು ಬಿಟ್ಟು ಕಿವಿಗೊಡುತ್ತೇನೆ. ಮತ್ತೆ ಶುರುವಾದರೆ ಪುಟ ತಿರುವುತ್ತೇನೆ. ಕವಿತೆ ಓದುವ ಕ್ರಮವೇ ಇದು?

ಚೊಂಬು ಮತ್ತೆ ಕೊಡವಾಗಿದೆ. ನೋಡಿದೆ. ಸುಮ್ಮನಿದ್ದೆ.

ಕುಣಿಯನ್ನು ತುಳಸಿಯಿಂದ ದೂರ ತೋಡಲು ಇವರನ್ನು ಒಪ್ಪಿಸಿ ಕರೆಸಿದ್ದೆ; ಮುರ್ತುಜಸಾಬರು ತಾಮ್ರದ ತಗಡು, ಕುಣಿಗೆ ತುಂಬಲು ಉಪ್ಪು, ಇದ್ದಲು ತೆಗೆದುಕೊಂಡು ಬಾಗಿಲಿಗೆ ಬಂದರು. ಇಂದಿನಿಂದ ಪಿತೃಪಕ್ಷ. “ಪಕ್ಷದಾಗ ಹಿತ್ತಲಾ ಅಗಿಯೂದು ಬ್ಯಾಡ, ಅಮಾಸಿ ಮುಗೀಲಿ,” ಎಂದರು ಇವರು.

“ಮುಂದ ನಾ ಇಳಕಲ್ಲಿಗೆ ಹೊಕ್ಕೇನ್ರಿ, ಹಿಟ್ಟಿನ ಗಿರಣಿ ಮೋಟಾರ್ ಕುಂಡ್ರಿಸೋದೈತಿ. ಹದಿಮೂರಕ್ಕ ಬರ್ತೇನಿ. ಅಲ್ಲೀತನಕ ಅದನ್ನ ಹಚ್ಚಬ್ಯಾಡ್ರಿ ಬಾಯಾರ.” ನನ್ನ ಮುಖ ನೋಡಿಯೇ ಹೇಳಿದರು. ಹೂಂ ಎಂದೆ.

ಹದಿನೈದು ದಿನ.

೪ ಅಕ್ಟೋಬರ್

ನಡೆದೇ ಇದೆ. ದಿನಾ ಮಾವನವರ ತರ್ಪಣ, ದಿನಾ ಹೆಚ್ಚು ಬಟ್ಟೆ. ಇನ್ನೂ ಒಂಬತ್ತು ದಿನ.

ಕನಸಿನಲ್ಲಿ ಸಹ ಸದ್ದು ಬಂತು. ಎದ್ದ ಮೇಲೂ ನಿಲ್ಲಲಿಲ್ಲ. ಅತ್ತೆ ಆಗಲೇ ಬಚ್ಚಲಿನಲ್ಲಿದ್ದರು.

೧೦ ಅಕ್ಟೋಬರ್, ಶುಕ್ರವಾರ. ಬೆಳಗಿನ ಐದೂಮುಕ್ಕಾಲು

ಇಂದು ಮಾವನವರ ತಿಥಿ. ಇವರು ಭಟ್ಟರನ್ನು ಕರೆಯಲು ಹೋಗಿದ್ದಾರೆ. ಬಟ್ಟೆ ರಾಶಿ. ಇಂದು ನಾನೇ ಬಾವಿಗೆ ಹೋಗುತ್ತೇನೆ, ಮಷೀನು ಬೇಡವೇ ಬೇಡ ಎಂದು ದೃಢ ಮಾಡಿಕೊಂಡು ಹಿತ್ತಲಿಗೆ ಹೋದೆ. ಅತ್ತೆ ದೂರದಿಂದಲೇ ಕೋಲು ಎತ್ತಿ ತಡೆದರು.

“ಇವತ್ತ ನಾ ಒಗೀತೀನ್ರಿ ಅತ್ಯಾ. ಅದು ಜೀವಾ ತಗೀತದ, ಖರೆ ಹೇಳ್ತೀನಿ.”

“ಈ ವಯಸ್ಸಿನ್ಯಾಗ ನನ್ನ ಜೀವಾ ತಗೊಂಡು ಅದೇನ ಮಾಡ್ತದ?” ನಕ್ಕರು. ಆಮೇಲೆ ದನಿ ಇಳಿಸಿ, “ಒಂಬತ್ತ ವರ್ಷ ನನ್ನ ಸೀರಿ ಹಿಂಡೀದಿ. ನಿನ್ನ ಭುಜಾ ನನಗ ಕಾಣೂದಿಲ್ಲೇನು? ಹೋಗು. ನಿನ್ನ ಪುಸ್ತಕಾ ಓದ್ಕೋ ಹೋಗು.”

ಇಷ್ಟು ವರ್ಷದಲ್ಲಿ ಹೀಗೆ ಎಂದೂ ಅಂದವರಲ್ಲ. ಕಣ್ಣು ತುಂಬಿತು. ಬೋರ್ಡು ದಾಟಿಕೊಂಡೇ ಒಳಗೆ ಬಂದೆ. ಎಡಗಡೆಯ ಫ್ಯೂಜು, ಕೈಯಳತೆಯಲ್ಲಿ. ಒಂದು ಗಳಿಗೆ ನಿಂತೆ.

ಬಂದು ಕೂತಿದ್ದೇನೆ. ಸದ್ದು ಶುರುವಾಯಿತು.

ಅದೇ ದಿನ. ಗಂಟೆ ನೋಡಿಲ್ಲ

ಕ್ರಮವಾಗಿ ಬರೆಯಬೇಕು. ನಾಳೆ ನಾನೇ ಬೇರೆ ಏನಾದರೂ ನಂಬಿಕೊಂಡೇನು.

ಹಿತ್ತಲ ಬಾಗಿಲು ಬಡಿದ ಸದ್ದು. ತಲೆ ಎತ್ತಲಿಲ್ಲ. ಮಷೀನು ನಡೆದಿತ್ತು, ಅದು ನಡೆದಿದೆ ಎಂದರೆ ಎಲ್ಲ ಸರಿಯಿದೆ ಎಂದೇ ಎಣಿಸುತ್ತಿದ್ದೆ. ಮತ್ತೆ ಬಡಿದರು. ಕವಿತೆಯಲ್ಲಿ ನಾಲ್ಕು ಸಾಲು ಉಳಿದಿತ್ತು. ಓದಿ ಮುಗಿಸಿದೆ. ಅದನ್ನೂ ಬರೆಯಬೇಕು—ಓದಿ ಮುಗಿಸಿದೆ. ಎದ್ದು ಅಗಳಿ ತೆಗೆದೆ.

ಶಿವಲಿಂಗವ್ವ. ತಿಥಿಗೆ ಬೇಕೆಂದು ಅತ್ತೆ ಹೇಳಿದ್ದ ಬಾಳೆಲೆ ತಂದಿದ್ದಳು. ಅರ್ಧ ನಗು, ಅರ್ಧ ಗಾಬರಿ.

“ಅಕ್ಕಾರ, ನಿಮ್ಮ ಅತ್ತಿಯಾರು ಮಷೀನ್ ಮ್ಯಾಲೆ ಬಗ್ಗಿ ನಿಂತಾರ್ರಿ. ಎಲಿ ಎಲ್ಲಿಡ್ಲೆವ್ವಾ ಅಂತ ಆಗಿಂದ ನಾಕ ಸಲ ಕೇಳಿದೆ. ಹೂಂ ಅನವಲ್ಲರು, ಹೊಳ್ಳಿ ನೋಡವಲ್ಲರು. ಮಡಿಯಾಗದಾರಲ್ಲ... ಅದಕ್ಕ ನಾ ಮುಟ್ಟಲಿಲ್ಲರಿ.”