ಅಟ್ಟದ ನಡುಗಂಬ

ತಿಪಟೂರು
ಮಂಗಳವಾರ

ಗೌರಕ್ಕನಿಗೆ ನಿನ್ನ ತಮ್ಮ ರೇವಣ್ಣ ಮಾಡುವ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನಡುವೆಯೇ ಬೈಯುತ್ತೀಯ ಅಂತ ಕಾಗದ ಬರೆಯುತ್ತಿದ್ದೇನೆ. ಭಾವ, ಹಸು ಇಬ್ಬರೂ ಕ್ಷೇಮ.

ಕೊಟ್ಟಿಗೆಯ ಮೇಲೆ ನಾನು ಮಾಡಿಕೊಟ್ಟ ಕಬ್ಬಿಣದ ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ ಇದೆಯಲ್ಲ. ನೀನು ಅಮ್ಮಸಂದ್ರಕ್ಕೆ ಮಗಳ ಮನೆಗೆ ಹೋದ ಮೇಲೆ, ಗಬ್ಬದ ಹಸುವಿಗೆ ಜಾಗ ಸಾಲದು ಅಂತ ಭಾವ ನಡುಗಂಬವನ್ನೇ ಕೊಯ್ಸಿಬಿಟ್ಟರು. ಅಟ್ಟ ಜಗ್ಗಿತು, ಕೆಳಗೆ ಹಸು. ಭಾವ ಫೋನ್ ಮಾಡಿದ್ದೇ ತಡ, ನನ್ನ ವೆಲ್ಡಿಂಗ್ ಅಂಗಡಿ ಮುಂದೆ ರಿಪೇರಿಗೆ ಟ್ರಾಕ್ಟರುಗಳು ಸಾಲುಗಟ್ಟಿದ್ದರೂ ಬಿಟ್ಟು ಓಡಿದೆ. ಹಸುವನ್ನು ಹೊರಗೆ ಕಟ್ಟಿ, ಜಾಕಿಯಲ್ಲಿ ಅಟ್ಟ ಎತ್ತಿ, ಕೊಯ್ದ ಕಂಬವನ್ನು ಮತ್ತೆ ನಿಲ್ಲಿಸಿ ವೆಲ್ಡಿಂಗ್ ಹೊಡೆದೆ. ಒಂದು ಕಾಯಿಯೂ ಉರುಳಲಿಲ್ಲ. ಮೂರು ತಾಲ್ಲೂಕಿನಲ್ಲಿ ಇನ್ಯಾರ ಕೈಲಾಗುತ್ತಿತ್ತು, ನೀನೇ ಹೇಳು.

"ಕಂಬ ಯಾಕ್ ಕುಯ್ಸಿದ್ರಿ ಭಾವ?" ಅಂದೆ.

"ನೀನೇ ಅಲ್ವೇನ್ಲಾ ಅಂದಿದ್ದು, ನಾನ್ ಮಾಡಿದ್ ಅಟ್ಟಕ್ಕೆ ಕಂಬ ಬರೀ ಶೋಕಿಗೆ ಅಂತ?" ಅಂದರು.

ಇವತ್ತು ಬೆಳಿಗ್ಗೆ ಹಸು ಅದೇ ಕಂಬದ ಪಕ್ಕದಲ್ಲಿ ಹೆಣ್ಣುಗರು ಹಾಕಿದೆಯಂತೆ. ನನ್ನ ಪಾಲಿನ ಗಿಣ್ಣು ತಪ್ಪಿಸಬಾರದು ಅಂತ ಭಾವನಿಗೆ ಹೇಳು. ಇನ್ನೊಂದು ಮಾತೂ ಹೇಳು. ನನ್ನ ವೆಲ್ಡಿಂಗನ್ನು ಪೂರ್ತಿ ನಂಬಲಿ, ಬಾಯನ್ನು ಅರ್ಧ ನಂಬಿದರೆ ಸಾಕು.

ನಿನ್ನ ತಮ್ಮ
ರೇವಣ್ಣ