ಮನೆಯಾಕೆ, ಎಡಬೆನ್ನು

ಮಾರ್ಚ್ 1, ಬೆಳಿಗ್ಗೆ

ಯಾರದು ಈ ಪುಸ್ತಕ ತೆರೆದವರು? ಮಾನ ಮರ್ಯಾದೆ ಇದೆಯೋ ಇಲ್ಲವೋ? ಹೋದ ಸಲ ಪೆನ್ನು ಎಡಗಡೆ ಇಟ್ಟು ಮುಚ್ಚಿದ್ದೆ. ಇವತ್ತು ಬಲಗಡೆ ಇದೆ. ಪೆನ್ನಿಗೆ ಕಾಲು ಬಂತೇ? ಈ ಮನೆಯಲ್ಲಿರುವುದು ನಾನು, ನನ್ನ ಗಂಡ. ನಾನಂತೂ ಕದ್ದು ಓದುವವಳಲ್ಲ. ಓದುವುದಾದರೆ ಓದಿ, ಕಾಗುಣಿತದ ತಪ್ಪು ಹುಡುಕಬೇಡಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದ್ದು ನಮ್ಮಪ್ಪ, ನಾನಲ್ಲ.

ಒಂದನೇ ತಾರೀಕು. ಮೈ ನೋಡುವ ದಿನ. ನಾಲ್ಕು ವರ್ಷದ ಹಿಂದೆ ಹಿಮ್ಮಡಿಯಿಂದ ಒಂದು ಕರಿ ಮಚ್ಚೆ ಕೊಯ್ದು ತೆಗೆದರು. ಮೆಲನೋಮ ಅಂದರು. ಹೆಸರು ಕೇಳಿದರೆ ಯಾವುದೋ ರಾಗ, ಮಾಡುವ ಕೆಲಸ ಚರ್ಮದ ಕ್ಯಾನ್ಸರ್. ಅಂದಿನಿಂದ ಡಾಕ್ಟರಮ್ಮನ ಹುಕುಂ — ತಿಂಗಳಿಗೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಬೇಕು, ನೋಡಿದ್ದನ್ನು ಬರೆದಿಡಬೇಕು. ಕೈ, ಕಾಲು, ಹೊಟ್ಟೆ ನಾನೇ ನೋಡಿಕೊಳ್ಳುತ್ತೇನೆ. ಬೆನ್ನು ಇವರ ಪಾಲು.

ಇವರು ಗಡಿಯಾರ ರಿಪೇರಿಯವರು. ಬೀದಿಯವರಿಗೆಲ್ಲ ಟಿಕ್‌ಟಿಕ್ ತಾತ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡರೆ ಸಾಸಿವೆಗಿಂತ ಸಣ್ಣ ತಿರುಪಿನಲ್ಲೂ ಬಿರುಕು ಕಾಣುತ್ತದೆ. ಎದುರಿಗೆ ನಿಂತ ಹೆಂಡತಿ ಕಾಣುವುದಿಲ್ಲ.

ಕಿಟಕಿ ಪಕ್ಕ ಸ್ಟೂಲ್ ಮೇಲೆ ಕೂತೆ. ಬೆನ್ನಿಗೆ ತಣ್ಣಗೆ ಏನೋ ತಾಗಿತು.

"ಏನ್ರೀ ಅದು?"

"ಕನ್ನಡಕ ಜಾರ್ತು ಕಣೆ."

"ಏನಾದ್ರೂ ಇದ್ಯಾ?"

"ಏನೂ ಇಲ್ಲ. ಬಟ್ಟೆ ಹಾಕ್ಕೋ, ಥಂಡಿ."

ಬರೆದೆ: ಬೆನ್ನು, ಏನೂ ಇಲ್ಲ.

ಏಪ್ರಿಲ್ 1

ಕಾಲು ಸರಿ. ಕೈ ಸರಿ. ಬೆನ್ನು — ಏನೂ ಇಲ್ಲ ಅಂದರು. ಈ ಸಲ ತುಂಬ ಹೊತ್ತು ನೋಡಿದರು. "ನನ್ ಬೆನ್ನಲ್ಲಿ ಸಿನಿಮಾ ಓಡ್ತಿದ್ಯಾ?" ಅಂದೆ. ನಗಲಿಲ್ಲ. ತಿಂಡಿಯನ್ನೂ ಅರ್ಧಕ್ಕೇ ಬಿಟ್ಟು ಅಂಗಡಿಗೆ ಹೋದರು.

ಏಪ್ರಿಲ್ 19, ಮಧ್ಯಾಹ್ನ

ಹೊಸ ರವಿಕೆಗೆ ಅಳತೆ ಕೊಡಲು ದರ್ಜಿ ಹುಡುಗಿಯ ಹತ್ತಿರ ಹೋಗಿದ್ದೆ. ಟೇಪು ಹಿಡಿದವಳು ನಿಂತೇಬಿಟ್ಟಳು.

"ಅಜ್ಜಿ, ಎಡಭುಜದ ಕೆಳಗೆ ಒಂದು ಮಚ್ಚೆ ಇದೆಯಲ್ಲ, ಮೊದ್ಲಿಂದ್ಲೂ ಇತ್ತಾ?"

"ನನ್ನ ಬೆನ್ನನ್ನ ನಾನೆಲ್ಲಿ ನೋಡ್ಲಿ ತಾಯಿ? ಹೇಗಿದೆ?"

"ಒಂದು ಕಡೆ ಕಪ್ಪು, ಒಂದು ಕಡೆ ಕಂದು. ಅಂಚು ನೆಟ್ಟಗಿಲ್ಲ. ಕತ್ತರಿ ಜಾರಿ ಕೆಟ್ಟ ಬಟ್ಟೆ ಥರ."

ಮೊಬೈಲಲ್ಲಿ ಫೋಟೋ ತೆಗೆದು ತೋರಿಸಿದಳು. ಹಿಮ್ಮಡಿಯಲ್ಲಿದ್ದದ್ದರ ತಂಗಿಯ ಹಾಗಿತ್ತು. ಅಳತೆ ಕೊಡದೆ ಮನೆಗೆ ಬಂದೆ.

ಇವರಿಗೆ ಹೇಳಿದೆ. "ಬಟ್ಟೆ ಹೊಲಿಯೋಳಿಗೆ ಏನು ಗೊತ್ತು?" ಅಂದರು. "ನೀವೇ ಇನ್ನೊಂದ್ಸಲ ನೋಡಿ" ಅಂದೆ. "ಇವತ್ತು ಒಂದನೇ ತಾರೀಕಲ್ಲ" ಅಂದರು! ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು.

ಏಪ್ರಿಲ್ 22

ಮಗಳು ರಜೆ ಹಾಕಿ ಕರೆದುಕೊಂಡು ಹೋದಳು. ಡಾಕ್ಟರಮ್ಮ ಮೈಯೆಲ್ಲ ನೋಡಿದರು. ಮಚ್ಚೆಯನ್ನು ಅವತ್ತೇ ಕಿತ್ತು ಲ್ಯಾಬಿಗೆ ಕಳಿಸಿದರು.

"ಯಾವಾಗಿಂದ ಇದೆ ಅಜ್ಜಿ?"

"ತಿಂಗಳು ತಿಂಗಳು ನೋಡ್ತೀವಿ. ಇರ್ಲೇ ಇಲ್ಲ. ಬೇಕಾದ್ರೆ ಪುಸ್ತಕ ನೋಡಿ."

ಮಾರ್ಚ್ ಓದಿದರು, ಏಪ್ರಿಲ್ ಓದಿದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಕಾಪಿ ಹೊಡೆದು ಸಿಕ್ಕಿಬಿದ್ದವಳನ್ನು ನೋಡುವ ಹಾಗೆ. "ಮೂರು ವಾರದಲ್ಲಿ ಇಷ್ಟಾಗೋದು ಕಷ್ಟ" ಅಂದರು. ನಾನು ಸುಳ್ಳು ಬರೆಯುವವಳೇ? ಮೈ ಉರಿದುಹೋಯಿತು. ದಾರಿಯುದ್ದಕ್ಕೂ ಡಾಕ್ಟರಮ್ಮನನ್ನು ಬೈದೆ. ಮಗಳು ಕೇಳಿಸಿಕೊಂಡಳು, ಪಾಪ.

ಮೇ 6

ಬಂತು ರಿಸಲ್ಟು. ಮತ್ತೆ ಅದೇ. ಹಳೆಯದು ಹಬ್ಬಿದ್ದಲ್ಲವಂತೆ. ಇದು ಬೇರೆ, ಹೊಸದು. ಒಂದು ಸಲ ಬಂದವರಿಗೆ ಇನ್ನೊಂದು ಬರುವ ಸಂಭವ ಬೇರೆಯವರಿಗಿಂತ ಹೆಚ್ಚಂತೆ.

"ಹಳೇ ಗಿರಾಕಿ ಅಂತ ಮರ್ಯಾದೆನಾ?" ಅಂದೆ. ಡಾಕ್ಟರಮ್ಮ ನಗಲಿಲ್ಲ. ಇತ್ತೀಚೆಗೆ ಯಾರೂ ನಗುತ್ತಿಲ್ಲ.

ಆಳಕ್ಕೆ ಇಳಿದಿಲ್ಲ. ಸುತ್ತಲಿನ ಚರ್ಮ ಇನ್ನಷ್ಟು ಅಗಲಕ್ಕೆ ತೆಗೆಯಬೇಕು. "ಇನ್ನೂ ಮೂರ್ನಾಲ್ಕು ತಿಂಗಳು ಬಿಟ್ಟಿದ್ರೆ ನಾನು ಈ ಮಾತು ಹೇಳೋಕಾಗ್ತಿತ್ತೋ ಇಲ್ವೋ" ಅಂದರು.

ಮೇ 9

ಇವತ್ತು ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಅಕ್ಷರ ಹೇಗಾದರೂ ಬೀಳಲಿ.

ಊಟದ ಡಬ್ಬಿ ಮರೆತು ಹೋಗಿದ್ದರು. ಅಂಗಡಿಗೆ ತೆಗೆದುಕೊಂಡು ಹೋದೆ. ಇವರ ಪದ್ಧತಿ — ಬಂದ ಪ್ರತಿ ಗಡಿಯಾರಕ್ಕೂ ಒಂದು ಚೀಟಿ: ಯಾರದ್ದು, ಏನು ತೊಂದರೆ, ಯಾವ ತಾರೀಕು. ಗೋಡೆಯ ಮೊಳೆಗಳಿಗೆ ಚುಚ್ಚಿಡುತ್ತಾರೆ. ಇವರು ಹಿತ್ತಲ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು. ಮೂಲೆಯ ಮೊಳೆಗೆ ಗಡಿಯಾರವಿಲ್ಲದ ಒಂದು ಚೀಟಿ.

ಮನೆಯಾಕೆ. ಎಡಬೆನ್ನು.
ಜನವರಿ 1 — 2.5
ಫೆಬ್ರವರಿ 1 — 3
ಮಾರ್ಚ್ 1 — 3.5
ಏಪ್ರಿಲ್ 1 — 4.5

ತಣ್ಣಗೆ ತಾಗಿದ್ದು ಕನ್ನಡಕವಲ್ಲ. ಚಕ್ರ ಅಳೆಯುವ ಕ್ಯಾಲಿಪರ್!

"ಏನಿದು?"

ಒಳಗೆ ಬಂದವರ ಒದ್ದೆ ಕೈ ಹಾಗೇ ಗಾಳಿಯಲ್ಲಿ ನಿಂತಿತು. "ಆರು ಮುಟ್ಟಿದ್ರೆ ಹೇಳೋಣ ಅಂತಿದ್ದೆ ಕಣೆ. ಆಸ್ಪತ್ರೆ ಕಾಗದದಲ್ಲಿ ಹಾಗೇ ಇದೆಯಲ್ಲ. ಆರು ಮಿಲಿಮೀಟರ್ ದಾಟಿದ್ರೆ ತೋರ್ಸಿ ಅಂತ."

"ಬೆಳೀತಾ ಇದ್ರೂ ತೋರ್ಸಿ ಅಂತ ಅದೇ ಕಾಗದದಲ್ಲಿದೆ. ಆ ಸಾಲಿಗೆ ಲೆನ್ಸ್ ಸಾಲ್ಲಿಲ್ವಾ?"

"ಹೋದ ಸಲ ಮೂರು ತಿಂಗಳು ನೀನು ನೆಲಕ್ಕೆ ಹೆಜ್ಜೆ ಊರ್ಲಿಲ್ಲ. ಈಗ ನಗ್ತಾ ಓಡಾಡ್ಕೊಂಡಿದ್ದೆ. ನನ್ನ ಬಾಯಾರೆ ಹೇಗೆ ಹೇಳ್ಲಿ? ಅಲ್ಲೇ ನಿಂತ್ರೆ ನಿಲ್ಲಲಿ ಅಂತ..."

"ನಿಲ್ಲೋಕೆ ಅದೇನು ನಿನ್ನ ಗಡಿಯಾರನಾ?"

ಐವತ್ತೊಂದು ವರ್ಷ 'ನೀವು' ಅಂದ ಬಾಯಿ. ಬೆಲ್ಟು ಹಾಕಿಸಲು ಬಂದ ಗಿರಾಕಿ ವಾಚು ಅಲ್ಲೇ ಬಿಟ್ಟು ಮೆಟ್ಟಿಲಿಳಿದ.

ಡಬ್ಬಿ ವಾಪಸ್ ತಂದೆ. ನಾನೇ ತಿಂದೆ.

ಮೇ 21

ಒಂಬತ್ತು ಹೊಲಿಗೆ. ಅಂಗಾತ ಮಲಗುವ ಹಾಗಿಲ್ಲ. ಆ ಮನುಷ್ಯ ನೀರು ತಂದಿಡುತ್ತಾನೆ, ನಾನು ಎದ್ದು ಬೇರೆ ಲೋಟದಲ್ಲಿ ಕುಡಿಯುತ್ತೇನೆ.

"ಅಪ್ಪ ಸೊರಗಿ ಹೋಗಿದ್ದಾರಮ್ಮ" ಅಂದಳು ಮಗಳು.

"ಅಳತೆ ತಗೊಂಡು ಚೀಟಿ ಬರಿ. ಎಷ್ಟು ಸೊರಗಿದ್ದಾರೆ ಅಂತ."

"ಇನ್ಮೇಲೆ ನಾನೇ ಬಂದು ಬೆನ್ನು ನೋಡ್ತೀನಿ, ಸಾಕಾ?" ಅಂದಳು. ನೋಡಿದಳು. "ಅಯ್ಯೋ ಅಮ್ಮಾ, ಇಲ್ಲೊಂದಿದೆ!" ಅಂತ ಕಿರುಚಿದಳು. ಬ್ಯಾಂಡೇಜಿನ ದಾರ.

ಮೇ 28, ಸಂಜೆ

ಕೊಯ್ದ ಚರ್ಮದ ಅಂಚುಗಳೆಲ್ಲ ಸ್ವಚ್ಛ ಅಂತ ಲ್ಯಾಬಿನವರು ಬರೆದಿದ್ದಾರೆ. ಈ ಸಲಕ್ಕೆ ಉಳಿದೆ. ನೋಡುವುದು ಮಾತ್ರ ಬದುಕಿರುವ ತನಕ. "ಹೊಸದು ಕಂಡ್ರೆ, ಹಳೇದು ಬದಲಾದ್ರೆ, ಅವತ್ತೇ ಫೋನ್ ಮಾಡಿ. ನಿಮಗೆ ಆರೂ ಇಲ್ಲ, ಮೂರೂ ಇಲ್ಲ" ಅಂದರು ಡಾಕ್ಟರಮ್ಮ.

ಪೆನ್ನು ಮತ್ತೆ ಜಾಗ ಬಿಟ್ಟಿದೆ. ಓದುತ್ತಿದ್ದೀಯ. ಓದು.

ಮಗಳು ಒಳ್ಳೆಯವಳು, ಆದರೆ ಅವಳಿಗೆ ಅರ್ಧ ಮಿಲಿಮೀಟರ್ ಕಾಣುವುದಿಲ್ಲ. ನಿನಗೆ ಕಾಣುತ್ತದೆ. ಕಂಡಿತ್ತು. ಅದೇ ನನ್ನ ಹೊಟ್ಟೆಯುರಿ. ಕುರುಡನಾಗಿದ್ದರೆ ಇಷ್ಟೊತ್ತಿಗೆ ಕ್ಷಮಿಸಿ ಊಟಕ್ಕೆ ಕರೆಯುತ್ತಿದ್ದೆ. ಹೆದರಿದೆ ಅನ್ನುತ್ತೀಯ. ನಾನೂ ಹೆದರುತ್ತೇನೆ. ನಾಲ್ಕು ವರ್ಷದಿಂದ ಪ್ರತಿ ಒಂದನೇ ತಾರೀಕು ಆ ಸ್ಟೂಲ್ ಮೇಲೆ ಹೆದರಿಕೊಂಡೇ ಕೂತಿದ್ದೇನೆ. ಕೂತಿದ್ದೇನಲ್ಲ?

ಸೋಮವಾರ ಮತ್ತೆ ಕೂರಬೇಕು. ಕಂಡದ್ದನ್ನು ಕಂಡ ಕ್ಷಣವೇ ನನಗೆ ಹೇಳುತ್ತೀಯೋ ಇಲ್ಲವೋ? ಬಾಯಲ್ಲಿ ಬೇಡ. ನಿನ್ನ ಬಾಯಿಯ 'ಏನೂ ಇಲ್ಲ'ವನ್ನು ನಾಲ್ಕು ತಿಂಗಳು ಇಲ್ಲಿ ಬರೆದುಕೊಂಡ ಪೆದ್ದಿ ನಾನು. ಇಲ್ಲೇ, ಈ ಸಾಲಿನ ಕೆಳಗೆ, ನಿನ್ನ ಕೈಯಲ್ಲಿ ಬರೆ. ಆಗುವುದಿಲ್ಲ ಅಂತಿದ್ದರೆ ಅದನ್ನೂ ಬರೆ. ಜೂನ್ ಹುಟ್ಟುವುದರೊಳಗೆ ಬರೆದಿರಬೇಕು.